ಲೈಸೆನ್ಸ್ ಪರೀಕ್ಷೆಗೆ ಮೊದಲು ಏರು ಕಲಿಯಿರಿ

“ತೋಟದೊಳಗೆ ಜೀಪು ಓಡಿಸುವವನಿಗೆ ಲೈಸೆನ್ಸು ಯಾಕೆ ಮಾರಾಯ್ರೆ?” ಭಾಗಮಂಡಲದ ಆಚೀಚೆ ಈ ಮಾತು ಇನ್ನೂ ಸತ್ತಿಲ್ಲ. ಹತ್ತು ಹದಿನೈದು ವರ್ಷ ಕಾಫಿ ಮೂಟೆ ಹೇರಿಕೊಂಡು ಪಿಕಪ್ ಓಡಿಸಿದವರು, ಗದ್ದೆಗೆ ಟ್ರ್ಯಾಕ್ಟರು ಇಳಿಸಿದವರು, ನಡುರಾತ್ರಿ ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಮುಟ್ಟಿಸಿದವರು - ಇವರಲ್ಲಿ ಎಷ್ಟೋ ಮಂದಿಯ ಕಿಸೆಯಲ್ಲಿ ಲೈಸೆನ್ಸು ಇಲ್ಲ. ಓಡಿಸಲು ಬರುವುದಿಲ್ಲವೆಂದಲ್ಲ. ಮಡಿಕೇರಿಗೆ ಹೋದರೆ ಒಂದು ದಿನದ ಕೆಲಸ ಹಾಳು, ಅರ್ಜಿಯ ರಗಳೆ, ಮತ್ತೆ ಮೈದಾನದಲ್ಲಿ ಹತ್ತು ಜನರೆದುರು ‘ಫೇಲ್’ ಅನ್ನಿಸಿಕೊಳ್ಳುವ ನಾಚಿಕೆ. ಹೆಚ್ಚು ಓದದವರಿಗೆ ಇನ್ನೊಂದು ತೊಡಕೂ ಇತ್ತು: ಬಾಡಿಗೆ, ಸರಕಿನ ಗಾಡಿಯ ಲೈಸೆನ್ಸಿಗೆ 8ನೇ ತರಗತಿ ಪಾಸಾಗಿರಬೇಕಿತ್ತು. 2019ರಲ್ಲಿ ಕೇಂದ್ರ ಸರಕಾರ ಆ ನಿಯಮವನ್ನೇ ತೆಗೆದುಹಾಕಿದೆ. ಇದು ಗೊತ್ತಿಲ್ಲದೆ ಈಗಲೂ ಸುಮ್ಮನೆ ಕುಳಿತವರಿದ್ದಾರೆ.

ಕಾನೂನಿನ ಪ್ರಕಾರ ಲೈಸೆನ್ಸು ಬೇಕಾದ್ದು ಸಾರ್ವಜನಿಕ ಜಾಗದಲ್ಲಿ ಓಡಿಸಲು. ಬೇಲಿಯೊಳಗಿನ ನಿಮ್ಮದೇ ದಾರಿಯಲ್ಲಿ ಯಾರೂ ಕೇಳಲಿಕ್ಕಿಲ್ಲ. ಆದರೆ ನಮ್ಮಲ್ಲಿ ಯಾರ ತೋಟ ಒಂದೇ ತುಂಡಾಗಿ ಉಂಟು ಹೇಳಿ? ಮನೆ ಇಲ್ಲಿ, ಗದ್ದೆ ಕೆಳಗೆ, ಏಲಕ್ಕಿ ಮಲೆ ಮೇಲೆ. ನಡುವೆ ಪಂಚಾಯಿತಿ ರಸ್ತೆ. ಇನ್ನೂರು ಗಜ ಆ ರಸ್ತೆಯಲ್ಲಿ ಹೋಗದೆ ಗೊಬ್ಬರ ಮೇಲೆ ಹತ್ತುವುದಿಲ್ಲ. ಆ ಇನ್ನೂರು ಗಜದಲ್ಲೇ ಶಾಲೆಯ ಮಕ್ಕಳು ನಡೆದು ಬರುತ್ತಿರುತ್ತಾರೆ.

ಸಣ್ಣ ಹಿಡುವಳಿದಾರನಿಗೆ ಇದು ಪೋಲಿಸರ ದಂಡದ ಪ್ರಶ್ನೆ ಅಂತ ನನಗನಿಸುವುದಿಲ್ಲ. ದಂಡ ಕಟ್ಟಿ ಬರಬಹುದು. ಪ್ರಶ್ನೆ ಜಾಗದ್ದು. ನಮ್ಮ ಗಾಡಿ ತಾಗಿ ದಾರಿಹೋಕರಿಗೆ ಜೀವಾಪಾಯವಾದರೆ ಪರಿಹಾರ ಕೊಡುವುದು ವಿಮಾ ಕಂಪೆನಿ. ಆದರೆ ಓಡಿಸಿದವನಿಗೆ ಲೈಸೆನ್ಸು ಇರಲಿಲ್ಲ, ಅದು ಗೊತ್ತಿದ್ದೂ ಮಾಲೀಕ ಕೀಲಿ ಕೈ ಕೊಟ್ಟ ಅಂತ ರುಜುವಾತಾದರೆ? ಕಂಪೆನಿ ಮೊದಲು ನೊಂದವರಿಗೆ ಹಣ ಕೊಟ್ಟು, ಆಮೇಲೆ ಅಷ್ಟನ್ನೂ ಗಾಡಿಯ ಮಾಲೀಕನಿಂದ ವಸೂಲು ಮಾಡಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ಪರಿಹಾರದ ಲೆಕ್ಕ ಹಾಕುವುದು ಸತ್ತವರ ವಯಸ್ಸು, ವರ್ಷದ ದುಡಿಮೆ ನೋಡಿ ಗುಣಿಸಿ. ದುಡಿಯುವ ಪ್ರಾಯದವರಾದರೆ ಮೊತ್ತ ಸಣ್ಣದಾಗಿರಲು ಸಾಧ್ಯವೇ ಇಲ್ಲ. ಕಟ್ಟದಿದ್ದರೆ ಮೋಟಾರು ವಾಹನ ಕಾಯ್ದೆಯ 174ನೇ ಕಲಮು ಉಂಟು - ಭೂಕಂದಾಯದ ಬಾಕಿಯಂತೆ ವಸೂಲಿ! ಎರಡೆಕ್ರೆ ಕಾಫಿ, ನಾಲ್ಕು ಮರ ಕರಿಮೆಣಸು ಇದ್ದವನ ಗತಿ ಏನಾದೀತು, ನೀವೇ ಯೋಚಿಸಿ. ಸಣ್ಣ ಪ್ರಾಯದ ಮಗನಿಗೆ ಸ್ಕೂಟರು ಕೊಡುವ ಅಪ್ಪಂದಿರಿಗೂ ಒಂದು ಮಾತು. 2019ರ ತಿದ್ದುಪಡಿಯ ಬಳಿಕ 18 ತುಂಬದವರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಆ ಹುಡುಗನಿಗೆ 25 ತುಂಬುವ ತನಕ ಲೈಸೆನ್ಸು ಸಿಗದು.

ಒಳ್ಳೆಯ ಸುದ್ದಿಯೂ ಉಂಟು. ಕಾರಿನ ಲೈಸೆನ್ಸು ಇದ್ದವರು ಹಳದಿ ಬೋರ್ಡಿನ ಪಿಕಪ್ ಓಡಿಸಬಹುದೇ ಎಂಬ ತಗಾದೆ ಬಹಳ ವರ್ಷ ಇತ್ತು. ಒಟ್ಟು ತೂಕ 7,500 ಕಿಲೋ ಮೀರದ ಗಾಡಿಯಾದರೆ ಓಡಿಸಬಹುದು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ತೀರ್ಮಾನ ಕೊಟ್ಟಿದೆ. ಟ್ರ್ಯಾಕ್ಟರೂ ಆ ತೂಕದ ಒಳಗಿದ್ದರೆ ಲಘು ವಾಹನದ ಪಂಗಡವೇ. ಅಂದರೆ ಒಂದೇ ಲೈಸೆನ್ಸಿನಲ್ಲಿ ನಮ್ಮ ಹೆಚ್ಚಿನ ಗಾಡಿಗಳು ಬಂದವು. ಬೈಕು ಮಾತ್ರ ಇದರಲ್ಲಿ ಸೇರುವುದಿಲ್ಲ. ಕಾರಿನ ಲೈಸೆನ್ಸು ಮಾಡಿಸಿ ಬೈಕಿನಲ್ಲಿ ತಿರುಗುವವರು ತುಂಬಾ ಜನ. ಅರ್ಜಿ ಹಾಕುವಾಗಲೇ ಎರಡಕ್ಕೂ ಹಾಕಿ, ಒಂದೇ ಓಡಾಟದಲ್ಲಿ ಮುಗಿಯುತ್ತದೆ.

ಈಗ ಕಲಿಕೆಯ ವಿಷಯ. ಮೊದಲು ತಿಂಗಳು ನೋಡಿ. ಕಲಿಕಾ ಲೈಸೆನ್ಸಿನ ಆಯುಸ್ಸು 6 ತಿಂಗಳು. ಅದು ಕೈಗೆ ಬಂದು 30 ದಿನ ಕಳೆಯದೆ ಪರೀಕ್ಷೆಗೆ ಹೋಗಲಾಗದು. ಬೇಸಿಗೆ ರಜೆಯಲ್ಲಿ, ಮೇ ತಿಂಗಳಲ್ಲಿ ಮಾಡಿಸುವುದು ಬಯಲುಸೀಮೆಗೆ ಸರಿ. ನಮ್ಮಲ್ಲಿ ಜೂನಿಗೆ ಮಳೆ ಹಿಡಿದರೆ ಸೆಪ್ಟೆಂಬರು ತನಕ ಬಿಡುವುದುಂಟೇ? ಹೊಸಬನಿಗೆ ಸ್ಟೇರಿಂಗು ಕೊಡುವ ಹವೆಯೇ ಅಲ್ಲ ಅದು. ಆರರಲ್ಲಿ ನಾಲ್ಕು ತಿಂಗಳು ನೀರಿಗೆ ಹೋಯಿತು. ಅಕ್ಟೋಬರಿನಲ್ಲಿ ಮಾಡಿಸಿ. ತುಲಾ ಸಂಕ್ರಮಣದ ಜನಸಂದಣಿ ಕಳೆಯಲಿ, ಆ ದಿನಗಳಲ್ಲಿ ತಲಕಾವೇರಿ ರಸ್ತೆಗೆ ಹೋಗಬೇಡಿ. ಆಮೇಲೆ ನವೆಂಬರು ಪೂರ್ತಿ ಒಣ ರಸ್ತೆ. ಕಾಫಿ ಕೊಯ್ಲು ಬಿರುಸಾಗುವ ಮೊದಲೇ ಪರೀಕ್ಷೆ ಮುಗಿಸಬಹುದು. ಫೇಲಾದರೂ 7 ದಿನ ಬಿಟ್ಟು ಮತ್ತೆ ಹೋಗಲು ಬರುತ್ತದೆ. ಮೂರು ಸಲ ಫೇಲಾದರೆ ಮಾತ್ರ 60 ದಿನ ಕಾಯಬೇಕು. ಹಾಗಾದರೂ ಏಪ್ರಿಲ್ ಒಳಗೆ ಸಮಯ ಉಂಟಲ್ಲ.

ಅರ್ಜಿ ಈಗ ‘ಸಾರಥಿ’ ಜಾಲತಾಣದಲ್ಲಿ. ಮನೆಯಲ್ಲಿ ನೆಟ್‌ವರ್ಕು ಸಿಗದಿದ್ದರೆ ಪೇಟೆಗೆ ಹೋದ ದಿನ ಮಾಡಿಸಿ. 40 ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟು ಬೇಕು. ಉಳಿದವರು ತಮ್ಮ ಆರೋಗ್ಯದ ಬಗ್ಗೆ ತಾವೇ ಬರೆದು ಸಹಿ ಹಾಕುವ ಫಾರಂ ಉಂಟು. ಅದರಲ್ಲೊಂದು ಪ್ರಶ್ನೆ: ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟು ಓದಲು ಆಗುತ್ತದೋ? ಹೆಚ್ಚಿನವರು ನೋಡದೆಯೇ ‘ಹೌದು’ ಅಂತ ಬರೆಯುತ್ತಾರೆ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ದೊಡ್ಡ ಹೆಜ್ಜೆಯಲ್ಲಿ ಮೂವತ್ತು ಹೆಜ್ಜೆ ಹಿಂದೆ ಹೋಗಿ ಓದಿ ನೋಡಿ. ಓದಲಾಗದಿದ್ದರೆ ಮೊದಲು ಕನ್ನಡಕ, ಆಮೇಲೆ ಕ್ಲಚ್ಚು.

ಬರವಣಿಗೆಯ ಪರೀಕ್ಷೆಗೆ ರಸ್ತೆ ಚಿಹ್ನೆ, ಅಪಘಾತವಾದಾಗ ಚಾಲಕನ ಕರ್ತವ್ಯ, ಗಾಡಿಯಲ್ಲಿರಬೇಕಾದ ದಾಖಲೆ ಇಂಥವನ್ನು ಓದಬೇಕು. ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರವೂ ಆ ಪಟ್ಟಿಯಲ್ಲುಂಟು! ಕೊಡಗಿನಲ್ಲಿ ರೈಲೇ ಇಲ್ಲ, ಆದರೂ ಕಲಿತುಕೊಳ್ಳಿ. ಕಾಞಂಗಾಡಿಗೋ ಮೈಸೂರಿಗೋ ಹೋಗುವವರಲ್ಲವೇ ನಾವು.

ಕಲಿಯುವಾಗ ಪಕ್ಕದ ಸೀಟಿನಲ್ಲಿ ಲೈಸೆನ್ಸು ಇದ್ದವರು ಕುಳಿತಿರಬೇಕು, ಗಾಡಿ ನಿಲ್ಲಿಸಲು ಕೈಗೆಟುಕುವಂತಿರಬೇಕು. ಹಿಂದೆ ಮುಂದೆ 18 ಸೆಂಟಿಮೀಟರ್ ಚೌಕದ ಬಿಳಿ ಫಲಕದಲ್ಲಿ ಕೆಂಪು ‘ಎಲ್’. ಇಷ್ಟು ಪಾಲಿಸಿದರೆ ಕಲಿಕಾ ಲೈಸೆನ್ಸು ಕೂಡ ವಿಮೆಯ ಕಣ್ಣಿಗೆ ಲೈಸೆನ್ಸೇ. ಮೊದಲು ಹೇಳಿದ ತೀರ್ಪಿನಲ್ಲಿ ಅದೂ ಸ್ಪಷ್ಟವಾಗಿದೆ. ‘ಎಲ್’ ಹಾಕಲು ನಾಚುವ ಹುಡುಗರಿಗೆ ಇದನ್ನು ತಿಳಿಸಿ.

ಎಲ್ಲ ಕಡೆ ಕಲಿಸುವುದು ಮೈದಾನದ ‘ಎಂಟು’ ಮತ್ತು ‘ಎಚ್’. ಕಂಬದ ಗುರುತು ನೋಡಿ ಇಷ್ಟು ಸುತ್ತು ತಿರುಗಿಸು, ಅಲ್ಲಿ ಬಂದಾಗ ಬಿಡು - ಹೀಗೆ ಬಾಯಿಪಾಠ. ಆ ಕಂಬ ಇಲ್ಲದ ಜಾಗದಲ್ಲಿ ಬಾಯಿಪಾಠ ಮರೆತುಹೋಗುತ್ತದೆ. ‘ಎಚ್’ ಅಂದರೆ ಬೇರೇನಲ್ಲ, ಇಕ್ಕಟ್ಟಿನ ಜಾಗಕ್ಕೆ ಹಿಂದಕ್ಕೆ ಹೋಗುವುದು. ನಮ್ಮ ಕಣದ ತಡಮೆಯೊಳಗೆ ಪಿಕಪ್ಪನ್ನು ಹಿಂದೆ ಹಾಕಿ ಮೂಟೆ ಇಳಿಸುವುದು ಅದೇ ಅಲ್ಲವೇ? ಎರಡು ಬೈನೆ ದಬ್ಬೆ ನೆಟ್ಟು ಕಣದಲ್ಲೇ ಕಲಿಯಿರಿ. ಎರಡೂ ಕನ್ನಡಿ ನೋಡಿ, ಬೇಕಾದರೆ ಇಳಿದು ನೋಡಿ ಬನ್ನಿ. ಬೈಕಿನ ‘ಎಂಟ’ರಲ್ಲಿ ಕಾಲು ಊರುವವರು ಹೆಚ್ಚಾಗಿ ಮುಂದಿನ ಚಕ್ರವನ್ನೇ ದಿಟ್ಟಿಸುವವರು. ಕಣ್ಣು ಹೋಗಬೇಕಾದ ಕಡೆಗಿರಲಿ, ಹಿಂದಿನ ಬ್ರೇಕು ತುಸು ಒತ್ತಿರಲಿ, ಕ್ಲಚ್ಚು ಅರ್ಧ ಹಿಡಿತದಲ್ಲಿರಲಿ. ಬೈಕು ತಾನಾಗಿ ಸುತ್ತುತ್ತದೆ. ಇದಕ್ಕಿಂತ ಹೆಚ್ಚಿನದು ಮೈದಾನದಲ್ಲಿಲ್ಲ.

ನಿಜವಾದ ಪರೀಕ್ಷೆ ಬೇರೆ ಉಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮವನ್ನು ಒಮ್ಮೆ ಓದಿಸಿಕೊಳ್ಳಿ. ಲೈಸೆನ್ಸು ಬೇಕಾದವನು ಏನೇನು ಮಾಡಿ ತೋರಿಸಬೇಕೆಂಬ ಪಟ್ಟಿ ಅದರಲ್ಲಿದೆ. ಎರಡು ಅಂಶಗಳಂತೂ ಭಾಗಮಂಡಲವನ್ನು ನೋಡಿಯೇ ಬರೆದ ಹಾಗಿವೆ. ಒಂದು: ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಒಂದಿಷ್ಟೂ ಹಿಂದೆ ಜಾರದಂತೆ ಮತ್ತೆ ಹೊರಡಿಸುವುದು. ಇನ್ನೊಂದು: ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬರುವುದು. ಡೆಲ್ಲಿಯಲ್ಲಿ ಕುಳಿತವರಿಗೆ ಹೊಳೆದದ್ದು ಘಟ್ಟದಲ್ಲಿ ಕಲಿಯುವ ನಮಗೆ ಯಾಕೆ ಹೊಳೆಯಬಾರದು? ಮಟ್ಟಸ ಮೈದಾನದಲ್ಲಿ ಪಾಸಾದ ಹುಡುಗ ಮರುದಿನ ಹತ್ತು ಆಳುಗಳನ್ನು ಹಿಂದೆ ನಿಲ್ಲಿಸಿಕೊಂಡು ಚೇರಂಬಾಣೆ ಕಡೆಯ ತಿರುವು ಹತ್ತುತ್ತಾನೆ. ಎದುರಿಗೆ ಬಸ್ಸು. ನಿಲ್ಲಿಸಿದ. ಹೊರಡಲು ನೋಡಿದರೆ ಗಾಡಿ ಹಿಂದೆ, ಎಂಜಿನ್ನು ಬಂದ್. ಅವನು ಪಾಸಾದ ಪರೀಕ್ಷೆಗೂ ಅವನಿಗೆ ಬೇಕಾದ ವಿದ್ಯೆಗೂ ಸಂಬಂಧವೇ ಇಲ್ಲದ ಹಾಗಾಯಿತು.

ಏರು ಕಲಿಸುವ ಕ್ರಮ ಹೀಗೆ. ಜನ ಸಂಚಾರ ಇಲ್ಲದ, ಹಿಂದೆ ಬರೆ ಅಥವಾ ದಿಣ್ಣೆ ಇರುವ ಸಣ್ಣ ಏರು ಆರಿಸಿ. ಹಿಂದೆ ಕೊಲ್ಲಿ ಇರುವ ಜಾಗ ಬೇಡವೇ ಬೇಡ. ಗಾಡಿ ಖಾಲಿ ಇರಲಿ. ಕೈಬ್ರೇಕು ಮೊದಲು ನೋಡಿ. ನಮ್ಮ ತೋಟದ ಹಳೇ ಜೀಪುಗಳಲ್ಲಿ ಅದು ಬರೀ ಅಲಂಕಾರಕ್ಕೆ ಇರುತ್ತದೆ, ಅದರ ಕೆಲಸವನ್ನು ಚಕ್ರದ ಹಿಂದಿನ ಕಲ್ಲು ಮಾಡುತ್ತದೆ! ಅಂಥ ಜೀಪಿನಲ್ಲಿ ಕಲಿಸಬೇಡಿ. ಗ್ಯಾರೇಜಿಗೆ ಕೊಟ್ಟು ಸರಿ ಮಾಡಿಸಿ, ಇಲ್ಲವೇ ಎರಡು ಕಡೆ ಬ್ರೇಕಿರುವ ಡ್ರೈವಿಂಗ್ ಸ್ಕೂಲಿನ ಕಾರೇ ಆದೀತು. ಹಿಂದಿನ ಚಕ್ರಕ್ಕೆ ಎರಡಡಿ ದೂರದಲ್ಲಿ ಗಟ್ಟಿ ಅಡೆಕಲ್ಲು ಇಡಿ. ಚಕ್ರದಿಂದ ನಾಲ್ಕು ಬೆರಳು ಬಿಟ್ಟು ಒಂದು ತೆಂಗಿನ ಗೆರಟೆ ಇಡಿ. ಈಗ ಕೈಬ್ರೇಕು ಎಳೆದು, ಒಂದನೇ ಗೇರು ಹಾಕಿ, ಕ್ಲಚ್ಚನ್ನು ನಿಧಾನ ಬಿಡುತ್ತಾ ಬನ್ನಿ. ಎಂಜಿನ್ನಿನ ಸದ್ದು ತಗ್ಗಿ ಬಾನೆಟ್ಟು ಒಂದಿಷ್ಟು ತಲೆ ಎತ್ತುವ ಒಂದು ಗಳಿಗೆ ಬರುತ್ತದೆ. ಅದೇ ಜಾಗ. ಕಾಲು ಅಲ್ಲೇ ನಿಲ್ಲಲಿ. ತುಸು ಆಕ್ಸಿಲರೇಟರು ಕೊಟ್ಟು ಕೈಬ್ರೇಕು ಇಳಿಸಿ. ಗೆರಟೆ ಒಡೆಯದೆ ಗಾಡಿ ಮುಂದೆ ಹೋದರೆ ಆಯಿತು. ಸಾಲಾಗಿ ಹತ್ತು ಸಲ ಗೆರಟೆ ಉಳಿಯಬೇಕು. ಅಲ್ಲಿಯವರೆಗೆ ಮಡಿಕೇರಿಯ ತಾರೀಕು ತೆಗೆದುಕೊಳ್ಳಬೇಡಿ ಅಂತ ನಾನು ಹೇಳುತ್ತೇನೆ. ಈಗಿನ ಕೆಲವು ಹೊಸ ಕಾರುಗಳು ಏರಿನಲ್ಲಿ ಕ್ಷಣಕಾಲ ತಾವೇ ಹಿಡಿದು ನಿಲ್ಲುತ್ತವೆ. ಅದರಲ್ಲಿ ಕಲಿತವರು ಮನೆಯ ಹಳೇ ಪಿಕಪ್ ಹತ್ತಿದರೆ ಹೊಸದಾಗಿ ಕಲಿಯಬೇಕಾದೀತು.

ಇಳಿಯುವುದಕ್ಕೆ ಹಳೇ ಚಾಲಕರ ಲೆಕ್ಕ ಒಂದುಂಟು: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ತಲಕಾವೇರಿಯಿಂದ ಭಾಗಮಂಡಲಕ್ಕೆ 8 ಕಿಲೋಮೀಟರು. ಡೀಸೆಲು ಉಳಿಸಲು ಎಂಜಿನ್ನು ಆರಿಸಿ, ನ್ಯೂಟ್ರಲಿನಲ್ಲಿ ಜಾರಿ ಬರುವ ಜಾಣರು ಈಗಲೂ ಇದ್ದಾರೆ. ಎಂಜಿನ್ನು ನಿಂತರೆ ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಒತ್ತಿಗೆ ಮುಗಿಯುತ್ತದೆ. ಆಮೇಲೆ ಪೆಡಲು ಕಲ್ಲಿನಂತೆ. ಕೀಲಿ ತಿರುಗಿಸಿ ತೆಗೆದರಂತೂ ಸ್ಟೇರಿಂಗೇ ಲಾಕು. ಬರೀ ಬ್ರೇಕು ತುಳಿಯುತ್ತಲೇ ಇಳಿದರೂ ತೊಂದರೆ, ಲೈನರು ಕಾದು ವಾಸನೆ ಬಂದು ಹಿಡಿತ ತಪ್ಪುತ್ತದೆ. ವಾಸನೆ ಬಂತೋ, ಅಗಲದ ಜಾಗ ನೋಡಿ ನಿಲ್ಲಿಸಿ ತಣಿಯಲು ಬಿಡಿ. ಬಿಸಿ ಡ್ರಮ್ಮಿಗೆ ನೀರು ಹೊಯ್ಯಬೇಡಿ.

ಇಕ್ಕಟ್ಟಿನಲ್ಲಿ ಎರಡು ಗಾಡಿ ಎದುರಾದರೆ ಯಾರು ನಿಲ್ಲಬೇಕು? ಇಳಿಯುವವನು. ಏರುವವನಿಗೆ ಮೊದಲ ದಾರಿ - ಇದು ಬರೀ ಮರ್ಯಾದೆಯ ಮಾತಲ್ಲ, 1989ರ ರಸ್ತೆ ನಿಯಮದಲ್ಲೂ ಅದರ ಬದಲಿಗೆ ಬಂದ 2017ರ ಚಾಲನಾ ನಿಯಮದಲ್ಲೂ ಇದೆ. ನಮ್ಮ ರಸ್ತೆಯಲ್ಲಿ ಪ್ರವಾಸಿಗಳಿಗೆ ಇದು ಗೊತ್ತಿಲ್ಲವೆಂದು ಬೈಯುತ್ತೇವೆ. ಊರವರಲ್ಲಿ ಎಷ್ಟು ಜನ ಪಾಲಿಸುತ್ತಾರೆ?

ಮಳೆಗಾಲಕ್ಕೆ ಮುಂಚೆ ಪಾಸಾದರೂ ಮೊದಲ ಮಳೆಗಾಲ ಒಬ್ಬನೇ ಹೋಗಲು ಬಿಡಬೇಡಿ. ಮಂಜಿನಲ್ಲಿ ಹೆಡ್‌ಲೈಟಿನ ಮೇಲು ಬೆಳಕು ಹಾಕಿದರೆ ಬಿಳಿ ಗೋಡೆಯಷ್ಟೇ ಕಾಣುತ್ತದೆ. ಕೆಳಬೆಳಕು ಹಾಕಿ ಎಡದ ಅಂಚು ಹಿಡಿದು ಹೋಗಬೇಕು. ಸಂಗಮದಲ್ಲಿ ಹೊಳೆ ರಸ್ತೆಗೆ ಬರುತ್ತಿದ್ದ ಕಡೆ ಈಗ ಮೇಲ್ಸೇತುವೆ ಆಗಿದೆ. ಆದರೆ ನಾಪೋಕ್ಲು ಕಡೆಯ ತಗ್ಗುಗಳಲ್ಲಿ ನೀರು ನಿಲ್ಲುವುದು ತಪ್ಪಿಲ್ಲ. ಹರಿಯುವ ನೀರಿಗೆ ಇಳಿಯಲೇಬಾರದು. ನಿಂತ ನೀರು ದಾಟಿದ ಮೇಲೆ ಎರಡು ಮೂರು ಸಲ ಹಗುರಾಗಿ ಬ್ರೇಕು ಒತ್ತಿ ಒಣಗಿಸಿಕೊಳ್ಳಿ. 2018ರ ಆಗಸ್ಟ್, 2020ರ ಆಗಸ್ಟ್ ನೋಡಿದ ನಮಗೆ ಬರೆ ಕೆಳಗೆ ಗಾಡಿ ನಿಲ್ಲಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ. ಕರಿಕೆ ರಸ್ತೆಯಲ್ಲಿ ಆನೆ ಕಂಡರೆ ಹಾರನ್ ಹೊಡೆಯದೆ ದೂರದಲ್ಲೇ ನಿಲ್ಲಿ, ಇಳಿಯಬೇಡಿ.

ಪರೀಕ್ಷೆಯ ದಿನ ಹೆಚ್ಚೇನಿಲ್ಲ. ತಂದ ಗಾಡಿಯ ಆರ್‌ಸಿ, ವಿಮೆ, ಹೊಗೆ ಸರ್ಟಿಫಿಕೇಟು ಚಾಲ್ತಿಯಲ್ಲಿರಲಿ. ಭಾಗಮಂಡಲದಿಂದ ಹೊರಟು ಚೆಟ್ಟಿಮಾನಿ ದಾಟಿ ಮಡಿಕೇರಿ ಮುಟ್ಟಿದ ಮೇಲೆ ಇಲ್ಲ ಅಂತ ಗೊತ್ತಾದರೆ ಆ ದಿನ ಹೋದಂತೆ. ಕುಳಿತ ಕೂಡಲೇ ಸೀಟು, ಕನ್ನಡಿ, ಬೆಲ್ಟು. ಬೈಕಿಗೆ ಐಎಸ್ಐ ಗುರುತಿನ ಹೆಲ್ಮೆಟು. ಹೊರಡುವ ಮುನ್ನ ಇಂಡಿಕೇಟರು. ಅವಸರ ಬೇಡ, ಪರೀಕ್ಷಕರಿಗೆ ನಿಮ್ಮ ವೇಗ ಬೇಕಾಗಿಲ್ಲ. ಎಂಜಿನ್ನು ಆರಿದರೆ ಗಾಬರಿಯಾಗದೆ ಬ್ರೇಕು ಹಿಡಿದು ನ್ಯೂಟ್ರಲಿಗೆ ತಂದು ಮತ್ತೆ ಶುರು ಮಾಡಿ.

“ಇಷ್ಟೆಲ್ಲ ಯಾಕೆ, ಇಷ್ಟು ಕೊಟ್ಟರೆ ಓಡಿಸದೆಯೇ ಆಗುತ್ತದೆ” ಅನ್ನುವವರು ಯಾವ ಊರಲ್ಲೂ ಸಿಗುತ್ತಾರೆ. ಹಾಗೆ ತಂದ ಕಾರ್ಡು ಪೋಲಿಸರಿಗೆ ತೋರಿಸಲಾದೀತು. ಏರಿನಲ್ಲಿ ಹಿಂದೆ ಜಾರುವ ಜೀಪಿಗೆ ತೋರಿಸಿದರೆ ಅದು ನಿಲ್ಲುತ್ತದೆಯೇ? ಆ ದುಡ್ಡಿನಲ್ಲಿ ಹತ್ತು ದಿನ ಹೆಚ್ಚಿಗೆ ಕಲಿಯಬಹುದು.

ಕೀಲಿ ಕೈ ಗಂಡಸರ ಕಿಸೆಯಲ್ಲೇ ಉಳಿಯುವುದೂ ನನಗೆ ಸರಿ ಕಾಣುವುದಿಲ್ಲ. ಗಂಡ ಮರದಿಂದ ಬಿದ್ದ ದಿನ, ಹಾವು ಕಡಿದ ದಿನ ಮನೆಯಲ್ಲಿ ಜೀಪಿದ್ದೂ ಆಚೆ ಮನೆಗೆ ಓಡುವ ಸ್ಥಿತಿ ಯಾಕೆ ಬರಬೇಕು? ಹೆಂಗಸರು ಬೇಗ ಕಲಿಯುತ್ತಾರೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾರೆ. ಕಲಿಸುವ ಗಂಡನ ಬೊಬ್ಬೆಗೆ ಹೆದರಿ ಬಿಟ್ಟವರೇ ಜಾಸ್ತಿ. ಹಾಗಿರುವ ಕಡೆ ಗಂಡ ಕಲಿಸದಿರುವುದು ಲೇಸು, ಬೇರೆಯವರು ಕಲಿಸಲಿ.

ಪ್ರಾಯವಾದವರು ಪೆಟ್ಟಿಗೆಯಲ್ಲಿಟ್ಟ ಹಳೇ ಲೈಸೆನ್ಸು ತೆಗೆದು ತಾರೀಕು ನೋಡಿ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು. ಮೂವತ್ತು ವರ್ಷ ಓಡಿಸಿದ್ದೇನೆ ಅಂದರೆ ನಡೆಯುವುದಿಲ್ಲ.

ನಮ್ಮ ಸಂಘಗಳು, ಪಂಚಾಯಿತಿ ಮನಸ್ಸು ಮಾಡಿದರೆ ಎರಡು ಕೆಲಸ ಸುಲಭ. ಅಕ್ಟೋಬರಿನಲ್ಲಿ ಒಂದು ದಿನ ಭಾಗಮಂಡಲದಲ್ಲೇ ಅರ್ಜಿ ತುಂಬಿಸುವವರನ್ನೂ ಡಾಕ್ಟರನ್ನೂ ಒಟ್ಟಿಗೆ ಕೂರಿಸುವುದು. ಮತ್ತೆ, ಕಲಿಯುವವರಿಗೆಂದು ಹಿಂದೆ ಕೊಲ್ಲಿಯಿಲ್ಲದ ಒಂದು ಏರನ್ನು ಗುರುತು ಮಾಡಿ ಫಲಕ ಹಾಕುವುದು. ಪರೀಕ್ಷೆ ಮಾಡುವವರಲ್ಲೂ ಒಂದು ಬೇಡಿಕೆ ಇಡಬಹುದು: ನಿಯಮದಲ್ಲಿ ಬರೆದಿರುವ ಏರಿನ ಪರೀಕ್ಷೆಯನ್ನು ಮಲೆನಾಡಿನಲ್ಲಾದರೂ ಬಿಡದೆ ಮಾಡಿ. ಫೇಲಾದವರು ಏಳು ದಿನ ಬಿಟ್ಟು ಬರುತ್ತಾರೆ.